ಅರಮನೆಯಲ್ಲಿ ಎಚ್ಚರವಿದ್ದ ಗಂಟೆಗಳು

2019ರ ಡಿಸೆಂಬರಿನಲ್ಲಿ ರಣಕಪುರದ ಜೈನ ಬಸದಿ, ಕುಂಭಲಗಢದ ಕೋಟೆ ಎರಡನ್ನೂ ಒಂದೇ ದಿನದಲ್ಲಿ ಮುಗಿಸಿ ಉದಯಪುರದ ಅರಮನೆ ಹೋಟೆಲೊಂದನ್ನು ತಲುಪಿದಾಗ ರಾತ್ರಿ ಒಂಬತ್ತಾಗಿತ್ತು. ಊಟ ಮಾಡಿ ಮಲಗಿದೆವು. ಬೆಳಿಗ್ಗೆ ಏಳೂವರೆಗೆ ಚಿತ್ತೋಡಗಢಕ್ಕೆ ಹೊರಟೆವು. ತೆರಿಗೆ ಸೇರಿ ಆ ಕೋಣೆಗೆ ಕೊಟ್ಟದ್ದು 26 ಸಾವಿರ ರೂಪಾಯಿ. ಆ ಅರಮನೆಯಲ್ಲಿ ನಾವು ಕಣ್ಣು ತೆರೆದುಕೊಂಡಿದ್ದದ್ದು ಮೂರೂವರೆ ಗಂಟೆ. ಗಂಟೆಗೆ ಏಳು ಸಾವಿರಕ್ಕೂ ಮೇಲಾಯಿತು. ಕಿಟಕಿಯಾಚೆ ಕೆರೆ ಇತ್ತಂತೆ, ಕತ್ತಲೆಯಲ್ಲಿ ಕಾಣಲಿಲ್ಲ.

ಆ ಪ್ರವಾಸದ ಒಟ್ಟು ಖರ್ಚಿನಲ್ಲಿ 1.8 ಲಕ್ಷವನ್ನು ಕ್ರೆಡಿಟ್ ಕಾರ್ಡಿನಲ್ಲಿ ಹನ್ನೆರಡು ಕಂತು ಮಾಡಿಸಿದ್ದೆ. ಶೇ 15ರ ಲೆಕ್ಕದಲ್ಲಿ ಬಡ್ಡಿಯೇ ಸುಮಾರು 15 ಸಾವಿರ, ಆ ಬಡ್ಡಿಯ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಮುಂದಿನ ಡಿಸೆಂಬರ್ ಬರುವವರೆಗೆ ಪ್ರತಿ ತಿಂಗಳೂ ಆ ಕಂತು ಕಟ್ಟುವಾಗ, ನೋಡದೇ ಬಿಟ್ಟ ಆ ಕೆರೆ ನೆನಪಾಗುತ್ತಿತ್ತು.

ನಮ್ಮ ಮದುವೆಗೆ 25 ವರ್ಷ ತುಂಬುವ ಹೊತ್ತಿಗೆ ಮತ್ತೆ ರಾಜಸ್ಥಾನಕ್ಕೆ, ಈ ಸಲ ಮರುಭೂಮಿಯ ಮೂರು ಊರುಗಳಿಗೆ ಹೋಗಬೇಕೆಂದು ಎರಡು ವರ್ಷ ಮೊದಲೇ ನಿಶ್ಚಯಿಸಿದೆವು. ಮಾಡಿದ ಮೊದಲ ಕೆಲಸ ಬ್ಯಾಂಕಿನಲ್ಲಿ ಆರ್‌ಡಿ ತೆರೆದದ್ದು. ತಿಂಗಳಿಗೆ 8,500ರಂತೆ 24 ತಿಂಗಳು, ಶೇ 6.5 ಬಡ್ಡಿ. ಕಟ್ಟಿದ್ದು 2.04 ಲಕ್ಷ, ಕೈಗೆ ಬಂದದ್ದು ಸುಮಾರು 2.18 ಲಕ್ಷ. ಹಿಂದಿನ ಸಲ 15 ಸಾವಿರ ಬಡ್ಡಿ ಕೊಟ್ಟು ಬಂದಿದ್ದೆ, ಈ ಸಲ 14 ಸಾವಿರ ಬಡ್ಡಿ ಪಡೆದು ಹೊರಟೆ. ಇಷ್ಟರಲ್ಲೇ ಮುಗಿಸಬೇಕು ಎಂಬುದು ನಾವಿಬ್ಬರೂ ಒಪ್ಪಿದ ಮಾತು.

ಮೊದಲು ಹಾಕಿದ ಯೋಜನೆ ಆ ಮಾತನ್ನು ಮೀರಿತ್ತು. ಎಂಟು ರಾತ್ರಿಯೂ ಅರಮನೆ ಅಥವಾ ಪಂಚತಾರಾ ಹೋಟೆಲು, ರಾತ್ರಿಗೆ ಸರಾಸರಿ 40 ಸಾವಿರ. ಬಾಡಿಗೆ 3.2 ಲಕ್ಷ, ಶೇ 18ರಂತೆ ತೆರಿಗೆಯೇ 57,600. ಕಾರಿಗೆ ಬೇಕಾದದ್ದಕ್ಕಿಂತ ತೆರಿಗೆಯೇ ಹೆಚ್ಚು. ಆ ಹಾಳೆಯನ್ನು ಮಡಿಸಿಟ್ಟು ಚಿಕ್ಕಪೇಟೆಗೆ ಹೋದೆ. ಅಲ್ಲಿ ನಾನು ಸೀರೆ ಕೊಳ್ಳುವ ಅಂಗಡಿಯ ಸೇಟು ರಾಜಸ್ಥಾನದ ಜಾಲೋರ್ ಕಡೆಯವರು, ಕನ್ನಡ ನನ್ನಷ್ಟೇ ಸರಾಗ. ನಮ್ಮ ಪಟ್ಟಿ ನೋಡಿ, "ಅಕ್ಕಾ, ದಿನಾ ಗಂಟುಮೂಟೆ ಕಟ್ತೀರಾ? ಒಂದೂರಲ್ಲಿ ಎರಡು ರಾತ್ರಿ ಇರಿ. ಅರಮನೆ ಕೊನೆಗೆ ಇಟ್ಕೊಳ್ಳಿ" ಅಂದರು. ನಮ್ಮ ಯೋಜನೆ ನಿಂತದ್ದು ಆ ಮಾತಿನ ಮೇಲೆ. ಜೋಧಪುರ ಎರಡು ರಾತ್ರಿ, ಜೈಸಲ್ಮೇರ್ ಎರಡು, ಬಿಕಾನೇರ್ ಎರಡು, ಮರಳಿ ಜೋಧಪುರದ ಅರಮನೆ ಹೋಟೆಲಿನಲ್ಲಿ ಎರಡು. ಎಲ್ಲಿಯೂ ಒಂದೇ ರಾತ್ರಿಯ ತಂಗುವಿಕೆ ಇಲ್ಲ.

ಕೋಣೆ ಹುಡುಕುವಾಗ ಒಂದು ಗೆರೆ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. 7,400ರ ಕೋಣೆಗೆ ತೆರಿಗೆ ಸೇರಿ 7,770 ಆಗುತ್ತದೆ. 7,600ರ ಕೋಣೆಗೆ 8,968. ಬಾಡಿಗೆಯ ವ್ಯತ್ಯಾಸ ಇನ್ನೂರು, ಜೇಬಿನ ವ್ಯತ್ಯಾಸ ಸುಮಾರು 1,200. ದುಬಾರಿ ಕೋಣೆಗಳಿರುವ ಹೋಟೆಲಿನೊಳಗಿನ ಊಟಕ್ಕೂ ಶೇ 18 ಬೀಳುತ್ತದೆ, ಬೀದಿಯ ಸಾಮಾನ್ಯ ಹೋಟೆಲಿನಲ್ಲಿ ಶೇ 5. ಮೊದಲ ಆರು ರಾತ್ರಿಗೆ ನಾವು ಹಳೆಯ ಹವೇಲಿಗಳಲ್ಲಿ ಸರಾಸರಿ 6 ಸಾವಿರದ ಕೋಣೆ ಹಿಡಿದೆವು: ತೆರಿಗೆ ಸೇರಿ 37,800. ಕೊನೆಯ ಎರಡು ರಾತ್ರಿಯ ಅರಮನೆಗೆ 75,520.

ಕಾರಿನ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಕಿಲೋಮೀಟರಿಗೆ ಇಷ್ಟು ಎಂಬುದನ್ನು ಮಾತ್ರ ಕೇಳಿ ಒಪ್ಪಿಕೊಳ್ಳುತ್ತೇವೆ. ದಿನಕ್ಕೆ ಕನಿಷ್ಠ 250 ಕಿ.ಮೀ. ಎಂಬ ಷರತ್ತು ಅದರ ಜೊತೆಗೇ ಇರುತ್ತದೆ. ಒಂಬತ್ತು ದಿನಕ್ಕೆ 2,250 ಕಿ.ಮೀ. ಆಯಿತು, 17 ರೂಪಾಯಿಯಂತೆ 38,250. ಜೋಧಪುರದಿಂದ ಜೈಸಲ್ಮೇರ್‌ಗೆ ಸುಮಾರು 280, ಅಲ್ಲಿಂದ ಬಿಕಾನೇರ್‌ಗೆ 330, ಮತ್ತೆ ಜೋಧಪುರಕ್ಕೆ 250. ಊರೊಳಗಿನ ಓಡಾಟ ಸೇರಿದರೂ 1,300 ದಾಟುವುದಿಲ್ಲ. ಈ ಅಂಕಿಗಳನ್ನು ಮುಂದಿಟ್ಟು ಮಾತಾಡಿದ ಮೇಲೆ ಡ್ರೈವರ್ ಬಾಟಾ ಸೇರಿ ಒಟ್ಟು 34 ಸಾವಿರಕ್ಕೆ ಕುದುರಿತು. ವಿಮಾನಕ್ಕೆ 30 ಸಾವಿರ, ಊಟಕ್ಕೆ 20, ಟಿಕೆಟ್ಟು-ಗೈಡುಗಳಿಗೆ 8. ಸುಮಾರು 2.05 ಲಕ್ಷಕ್ಕೆ ಎಲ್ಲ ಕೂತಿತು. ಉಳಿದ ಹಣ ಟೋಲಿಗೆ, ಸಣ್ಣಪುಟ್ಟ ಕೊಳ್ಳುವಿಕೆಗೆ.

2026ರ ಜನವರಿಯಲ್ಲಿ ಹೋದೆವು. ಜೈಸಲ್ಮೇರ್ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹಣದ ಊರಾಗಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡುತ್ತಾರೆ. ಕೆಳಗಿನ ಪೇಟೆಯಲ್ಲಿ ಪಟ್ವಾ ಮನೆತನದ ಐದು ಹವೇಲಿಗಳಿವೆ. ಹಳದಿ ಕಲ್ಲಿನಲ್ಲಿ ಕಡೆದ ಝರೋಖಾಗಳನ್ನು ನೋಡುತ್ತ ನಿಂತರೆ ಮರವನ್ನೇ ಕೊರೆದಿದ್ದಾರೆ ಅನ್ನಿಸುತ್ತದೆ. ಒಂಟೆಗಳ ಸಾಲು ಸಾಗಿಸುತ್ತಿದ್ದ ವ್ಯಾಪಾರ, ಲೇವಾದೇವಿ, ಇವುಗಳ ಗಳಿಕೆ ಅದು. ಬೊಂಬಾಯಿಯ ಬಂದರು ಬೆಳೆದಂತೆ ಸರಕು ಸಮುದ್ರದ ದಾರಿ ಹಿಡಿಯಿತು, ದೇಶ ವಿಭಜನೆಯಾದಾಗ ಸಿಂಧ್ ಕಡೆಯ ದಾರಿಯೇ ಮುಚ್ಚಿತು. ಇಷ್ಟು ಭದ್ರವಾಗಿ ಕಟ್ಟಿದ ಮನೆಗಳ ಒಡೆಯರೂ ಬದುಕು ಅರಸಿ ಬೇರೆ ಊರುಗಳಿಗೆ ಹೋಗಬೇಕಾಯಿತು. ಅರ್ಧ ದಿನ ಆ ಓಣಿಯಲ್ಲೇ ಕಳೆದೆವು. ಎರಡು ರಾತ್ರಿ ಇದ್ದುದರಿಂದ ಅದು ಸಾಧ್ಯವಾಯಿತು.

ಕೋಟೆಯೊಳಗಿನ ಗೆಸ್ಟ್‌ಹೌಸಿನಲ್ಲಿ ಮಲಗುವ ಆಸೆ ನನಗೂ ಇತ್ತು, ಬಾಡಿಗೆಯೂ ಕಡಿಮೆ. ಆದರೆ ಹೆಚ್ಚಿದ ನೀರಿನ ಬಳಕೆಯಿಂದ ಬಚ್ಚಲ ನೀರು ನೆಲಕ್ಕಿಳಿದು ಆ ಗುಡ್ಡವೂ ಗೋಡೆಗಳೂ ಸಡಿಲಗೊಂಡಿವೆ. ನೀರಿಲ್ಲದ ಕಾಲಕ್ಕೆ ಕಟ್ಟಿದ ಕೋಟೆ ಅದು. ಕೆಳಗಿನ ಪೇಟೆಯಲ್ಲೇ ಉಳಿದೆವು. ನೀವೂ ಹಾಗೇ ಮಾಡಿ.

ಬಿಕಾನೇರಿನಲ್ಲಿ ಜುನಾಗಢ ಕೋಟೆ ನೋಡಿದೆವು, ಭುಜಿಯಾ ಕೊಂಡೆವು, ಒಂದು ಮಧ್ಯಾಹ್ನ ಸುಮ್ಮನೆ ಮಲಗಿದೆವು.

ಕೊನೆಗೆ ಜೋಧಪುರದ ಅರಮನೆ. ಮಧ್ಯಾಹ್ನ ಎರಡಕ್ಕೆ ಒಳಗೆ ಹೋದವರು ಮೂರನೆಯ ದಿನ ಹನ್ನೊಂದಕ್ಕೆ ಹೊರಬಂದೆವು. ನಡುವಿನ ದಿನ ಗೇಟು ದಾಟಲಿಲ್ಲ. ತೋಟದಲ್ಲಿ ನವಿಲು, ಸಂಜೆ ಅಂಗಳದಲ್ಲಿ ಸಾರಂಗಿ, ಬೆಳಗಿನ ಬಿಸಿಲಿಗೆ ಬಣ್ಣ ಬದಲಿಸುವ ಕಲ್ಲುಗೋಡೆ. ನಿದ್ದೆ ಕಳೆದರೆ ಸುಮಾರು 29 ಗಂಟೆ ಎಚ್ಚರವಿದ್ದೆವು. ಗಂಟೆಗೆ ಎರಡೂವರೆ ಸಾವಿರದ ಆಸುಪಾಸು. ಉದಯಪುರದಲ್ಲಿ ಬಿದ್ದ ದರದ ಮೂರನೇ ಒಂದು ಭಾಗ, ನೋಡಿದ್ದು ಎಷ್ಟೋ ಪಾಲು ಹೆಚ್ಚು. ಆ 75,520 ರೂಪಾಯಿಗೆ ನನಗೆ ಒಂದು ಕ್ಷಣವೂ ಮನಸ್ಸು ನೋಯಲಿಲ್ಲ.

ಅರಮನೆಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದು ಮಾತ್ರ ಆ ಊರಿನಲ್ಲಿ ಪದೇ ಪದೇ ಮನಸ್ಸಿಗೆ ಬಂತು. ಅಲ್ಲಿನ ಉಮೈದ್ ಭವನ ಅರಮನೆಯನ್ನು 1929ರಲ್ಲಿ ಶುರು ಮಾಡಿದ್ದೇ ಬರಗಾಲದಲ್ಲಿ ಕಂಗೆಟ್ಟ ಸಾವಿರಾರು ಜನರಿಗೆ ಕೂಲಿ ಸಿಗಲೆಂದು, ಮುಗಿದದ್ದು 1943ರಲ್ಲಿ. ಈ ಪ್ರವಾಸದ ಮೊದಲ ಎರಡು ರಾತ್ರಿ ಜೋಧಪುರದಲ್ಲಿ ಉಳಿದಾಗ ಸುಮಾರು 25 ಕಿ.ಮೀ. ದೂರದ ಖೇಜಡ್ಲಿಗೂ ಹೋಗಿ ಬಂದಿದ್ದೆವು. 1730ರಲ್ಲಿ ಅರಮನೆಯ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕೆಂದು ರಾಜನ ಆಳುಗಳು ಬನ್ನಿ ಮರಗಳನ್ನು ಕಡಿಯಲು ಬಂದಾಗ, ಮರಗಳನ್ನು ತಬ್ಬಿ ನಿಂತ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟ ಜಾಗ ಅದು. ಅಲ್ಲಿ ನಾವು ಬಹಳ ಹೊತ್ತು ಮಾತಾಡಲಿಲ್ಲ.

2019ರ ಆ ರಾತ್ರಿಯ ಇನ್ನೊಂದು ವಿಷಯ ಹೇಳಬೇಕು. ನಾವು 26 ಸಾವಿರದ ಮಂಚದ ಮೇಲೆ ಮಲಗಿದ್ದಾಗ ನಮ್ಮ ಡ್ರೈವರ್ ಪಾರ್ಕಿಂಗ್ ಜಾಗದಲ್ಲಿ ಕಾರಿನ ಸೀಟಿನ ಮೇಲೆ ಶಾಲು ಹೊದ್ದು ಮಲಗಿದ್ದರು. ಆ ಹೋಟೆಲಿನಲ್ಲಿ ಡ್ರೈವರುಗಳಿಗೆ ಜಾಗವಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಮರುದಿನ ಚಿತ್ತೋಡಗಢದ ದಾರಿಯಲ್ಲಿ ಎರಡು ಸಲ ಅವರ ಕಣ್ಣು ಎಳೆದು ಕಾರು ಪಕ್ಕಕ್ಕೆ ವಾಲಿತು. ಈ ಸಲ ಪ್ರತಿ ಊರಿನಲ್ಲೂ ನಮ್ಮ ಕೋಣೆಗಿಂತ ಮೊದಲು ಡ್ರೈವರಿನ ಕೋಣೆ ವಿಚಾರಿಸಿದೆವು. ಅರಮನೆಯಲ್ಲಿ ಡ್ರೈವರುಗಳಿಗೆಂದೇ ಕೋಣೆಗಳಿದ್ದವು. ಉಳಿದ ಆರು ರಾತ್ರಿಗೆ ತಲಾ 700 ರೂಪಾಯಿಯಂತೆ 4,200 ಖರ್ಚಾಯಿತು. ನಮ್ಮ ಒಟ್ಟು ಖರ್ಚಿನಲ್ಲಿ ಅದು ನೂರಕ್ಕೆ ಎರಡು ರೂಪಾಯಿ. ಜನವರಿಯ ಮರುಭೂಮಿಯಲ್ಲಿ ರಾತ್ರಿಗಳು ತೀರಾ ಕೊರೆಯುತ್ತವೆ. ಹೋಟೆಲಿಗೆ ಮುಂಗಡ ಕಟ್ಟುವ ಮೊದಲು ದಯವಿಟ್ಟು ಫೋನು ಮಾಡಿ, ನಮ್ಮ ಡ್ರೈವರ್ ಎಲ್ಲಿ ಮಲಗುತ್ತಾರೆ ಎಂದು ಕೇಳಿ.