ಚಿಮಟ ಮತ್ತು ರಡರ್: 1962ರ ಒಂದು ವಿಮಾನ ಅಪಘಾತ

1962ರ ಮಾರ್ಚ್ 1ರ ಬೆಳಗ್ಗೆ ಅಮೆರಿಕನ್ ಏರ್‌ಲೈನ್ಸ್‌ನ ಫ್ಲೈಟ್ 1 ನ್ಯೂಯಾರ್ಕ್‌ನ ಐಡಲ್‌ವೈಲ್ಡ್ ವಿಮಾನ ನಿಲ್ದಾಣದಿಂದ (ಈಗ ಅದೇ ಜೆಎಫ್‌ಕೆ) ಲಾಸ್ ಏಂಜಲೀಸ್‌ಗೆ ಹೊರಟಿತು. ವಿಮಾನ ಬೋಯಿಂಗ್ 707. ಟೇಕಾಫ್ ಆಗಿ ಸುಮಾರು ಎರಡು ನಿಮಿಷಕ್ಕೆ, ಎಡಕ್ಕೆ ತಿರುಗುತ್ತಿದ್ದ ವಿಮಾನ ವಾಲುತ್ತಲೇ ಹೋಯಿತು. ಕೊನೆಗೆ ಮಗುಚಿ, ಮೂಗು ಕೆಳಗಾಗಿ, ಜಮೈಕಾ ಬೇ ಎಂಬ ಕೊಲ್ಲಿಗೆ ಬಿತ್ತು. ಒಳಗಿದ್ದ 95 ಜನರಲ್ಲಿ ಒಬ್ಬರೂ ಬದುಕಲಿಲ್ಲ.

ಏನಾಯಿತು ಅಂತ ತಿಳಿಯೋಕೆ ಮೊದಲು ಬಾಲದ ಕಡೆ ಹೋಗೋಣ. ನಿಂತಿರುವ ಬಾಲದ ಹಿಂಭಾಗದಲ್ಲಿ ಅತ್ತಿತ್ತ ಆಡುವ ಹಲಗೆಯೇ ರಡರ್. ಅದು ಎಡಕ್ಕೆ ಆಡಿದರೆ ವಿಮಾನದ ಮೂಗು ಎಡಕ್ಕೆ ಹೋಗುತ್ತೆ. ಇದಕ್ಕೆ ಯಾ ಅಂತಾರೆ. ಆದರೆ 707ರ ರೆಕ್ಕೆಗಳು ಹಿಂದಕ್ಕೆ ಬಾಗಿವೆ. ಮೂಗು ಎಡಕ್ಕೆ ಹೊರಳಿದಾಗ ಗಾಳಿ ಬಲಗಡೆಯಿಂದ ಬರುತ್ತೆ, ಬಲ ರೆಕ್ಕೆಗೆ ಹೆಚ್ಚು ನೇರವಾಗಿ ಸಿಗುತ್ತೆ, ಅಲ್ಲಿ ಲಿಫ್ಟ್ ಜಾಸ್ತಿಯಾಗುತ್ತೆ. ಹಾಗಾಗಿ ಬರೀ ತಿರುಗಬೇಕಿದ್ದ ವಿಮಾನ ಎಡಕ್ಕೆ ಉರುಳೋಕೂ ಶುರು ಮಾಡುತ್ತೆ. ಇಂಥ ರೆಕ್ಕೆಯ ವಿಮಾನಗಳು ತಾವಾಗಿಯೇ ತೂಗಾಡುವ ಸ್ವಭಾವದವು. ಅದನ್ನು ತಡೆಯೋಕೆ ಆಟೋಪೈಲಟ್ ಜೊತೆ ಯಾ ಡ್ಯಾಂಪರ್ ಇರುತ್ತೆ. ಒಂದು ಸರ್ವೋ ಮೋಟರ್ ರಡರನ್ನು ಸ್ವಲ್ಪ ಸ್ವಲ್ಪ ಆಡಿಸುತ್ತಾ ತೂಗಾಟ ನಿಲ್ಲಿಸುತ್ತೆ. ಮೋಟರ್ ಎಷ್ಟು ವೇಗವಾಗಿ ತಿರುಗ್ತಿದೆ ಅಂತ ಹೇಳೋಕೆ ಅದರ ಜೊತೆಗೇ ಒಂದು ಪುಟ್ಟ ಜನರೇಟರ್. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಬಾಣ ಹಾಕಿ ಬರೆಯೋ ಫೀಡ್‌ಬ್ಯಾಕ್ ಇದೇ. ಪೇಪರ್ ಮೇಲೆ ಅದು ಒಂದು ಗೆರೆ. ಡಬ್ಬಿಯೊಳಗೆ ಅದು ಬೇರೆ ತಂತಿಗಳ ಜೊತೆ ಒಂದೇ ಕಟ್ಟಿನಲ್ಲಿ ಹೋಗುವ ತಂತಿ.

ತನಿಖೆ ಮಾಡಿದ್ದು ಅಮೆರಿಕದ ಸಿವಿಲ್ ಏರೋನಾಟಿಕ್ಸ್ ಬೋರ್ಡ್. ಸರ್ವೋ ತಯಾರಾಗುತ್ತಿದ್ದ ಬೆಂಡಿಕ್ಸ್ ಕಂಪನಿಯ ನ್ಯೂಜೆರ್ಸಿ ಕಾರ್ಖಾನೆಗೇ ಅವರು ಹೋದರು. ಅಲ್ಲಿ ಕೆಲಸಗಾರರು ತಂತಿಗಳ ಕಟ್ಟನ್ನು ಬಿಗಿಯೋಕೆ ಟ್ವೀಜರ್, ಅಂದರೆ ಚಿಮಟ, ಬಳಸುತ್ತಿದ್ದರು. ಅದರಿಂದ ತಂತಿಗಳಿಗೇ ಪೆಟ್ಟಾಗುತ್ತಿತ್ತು. ಇನ್ಸುಲೇಶನ್ ಹರಿದ ಎರಡು ತಂತಿ ಒಂದಕ್ಕೊಂದು ತಾಗಿದರೆ ಶಾರ್ಟ್. ಆಗ ಯಾರೂ ಕೇಳದೆಯೇ ಸರ್ವೋ ರಡರನ್ನು ತಳ್ಳಬಹುದು. ಬೋರ್ಡ್ ಕೊಟ್ಟ ಸಂಭವನೀಯ ಕಾರಣ ‘ರಡರ್ ನಿಯಂತ್ರಣ ವ್ಯವಸ್ಥೆಯ ವೈಫಲ್ಯ’. ಆ ವೈಫಲ್ಯದ ಹಿಂದೆ ಇದ್ದದ್ದು ಹೆಚ್ಚಾಗಿ ಇಂಥದೇ ಶಾರ್ಟ್ ಅನ್ನೋದು ಅವರ ಅಭಿಪ್ರಾಯ.

ಕಂಪನಿ ಒಪ್ಪಲಿಲ್ಲ. ತಯಾರಿಕೆಯಲ್ಲೇ 61 ತಪಾಸಣೆ ಆಗುತ್ತೆ, ತಂತಿ ಕೆಟ್ಟಿದ್ದರೆ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತಿತ್ತು ಅನ್ನೋದು ಅವರ ವಾದ. 61 ದೊಡ್ಡ ಸಂಖ್ಯೆಯೇ. ಆದರೆ ಲ್ಯಾಬ್‌ನಲ್ಲಿ ಮಲ್ಟಿಮೀಟರ್ ಹಿಡಿದ ಯಾರಿಗಾದರೂ ಒಂದು ಅನುಮಾನ ಬರಬೇಕು. ಇನ್ಸುಲೇಶನ್ ಗಾಯವಾದ ತಂತಿಯಲ್ಲಿ ತಾಮ್ರ ಸರಿಯಾಗೇ ಇರುತ್ತೆ, ಕಂಟಿನ್ಯೂಟಿ ಬೀಪ್ ಬರುತ್ತೆ. ಪಕ್ಕದ ತಂತಿ ಇನ್ನೂ ಕೂದಲೆಳೆಯಷ್ಟು ದೂರ ಇದ್ದರೆ ಶಾರ್ಟ್ ಕೂಡ ಕಾಣಲ್ಲ. ರೆಕಾರ್ಡ್‌ನಲ್ಲಿ ‘ವೆರಿಫೈಡ್’ ಅಂತ ಬರೆದು ಸಹಿ ಹಾಕಿಸಬಹುದು. ಆಮೇಲೆ ಅದು ವಿಮಾನದಲ್ಲಿ ಕೂತು, ನಡುಗಿ, ಬಿಸಿಯಾಗಿ, ತಣ್ಣಗಾಗಿ, ಯಾವತ್ತೋ ಒಂದು ದಿನ ತಾಗುತ್ತೆ. ಅದೇ ಥರದ ಟೆಸ್ಟ್ ಎಷ್ಟು ಸಲ ಮಾಡಿದರೂ ಅದಕ್ಕೆ ಕಾಣದ್ದು ಕಾಣಲ್ಲ. ಹಾಗಂತ ಕೆಲಸಗಾರರನ್ನು ಬೈಯೋಕೆ ನಮಗೆ ಮನಸ್ಸಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಬೆರಳು ಹೋಗದಿದ್ದಾಗ ಯಾರಾದರೂ ಚಿಮಟವನ್ನೇ ಎತ್ತಿಕೊಳ್ಳುತ್ತಾರೆ.

ಇನ್ನು ಪೈಲಟ್‌ಗಳ ಕಡೆಯಿಂದ ನೋಡಿ. ಕೆಳಗಿನ ಮನೆಗಳಿಗೆ ಶಬ್ದ ಕಡಿಮೆಯಾಗಲಿ ಅಂತ ಟೇಕಾಫ್ ಆದ ಕೂಡಲೇ ಎಡಕ್ಕೆ ತಿರುಗಬೇಕು ಅನ್ನೋದು ಅಲ್ಲಿನ ನಿಯಮ. ಅವರೇ ಎಡಕ್ಕೆ ವಾಲಿಸಿದ್ದರು. ಹಾಗಾಗಿ ರಡರ್ ತಪ್ಪಿದಾಗ ಮೊದಲ ಕ್ಷಣಗಳಲ್ಲಿ ಅದು ತಾವು ಕೇಳಿದ ತಿರುವಿನ ಹಾಗೇ ಕಂಡಿರಬಹುದು. ಎತ್ತರ ಬರೀ 1,600 ಅಡಿಯ ಆಸುಪಾಸು. ಯಾವ ಉಪಕರಣ ಹೀಗೆ ಮಾಡ್ತಿದೆ ಅಂತ ಹುಡುಕಿ, ಅದನ್ನು ಆಫ್ ಮಾಡಿ, ವಿಮಾನವನ್ನು ನೆಟ್ಟಗೆ ಮಾಡೋಕೆ ಅವರ ಹತ್ತಿರ ಇದ್ದದ್ದು ಕೆಲವೇ ಸೆಕೆಂಡ್.