ವಾದ ಹಳಿ ತಪ್ಪದಿರಲು ಎಂಟು ಸೂತ್ರಗಳು

ಗೌತಮರ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಸತ್ಯ ತಿಳಿಯಲು ನಡೆಯುವುದು ವಾದ. ಹೇಗಾದರೂ ಗೆಲ್ಲಲು ನಡೆಯುವುದು ಜಲ್ಪ. ತನ್ನದೇನನ್ನೂ ಮುಂದಿಡದೆ ಎದುರಿನವರದ್ದನ್ನು ಕೆಡವುತ್ತಾ ಹೋಗುವುದು ವಿತಂಡ. ನಮ್ಮ ಚರ್ಚೆ ಮೊದಲನೆಯದಾಗಿಯೇ ಉಳಿಯಬೇಕಾದರೆ ತರ್ಕ ಎಲ್ಲಿ ಜಾರುತ್ತದೆ ಎಂದು ಗುರುತಿಸಲು ಕಲಿಯಬೇಕು. ಉದಾಹರಣೆಗೆ, ‘ಶಾಲೆಯ ಮುಂದೆ ಹಂಪ್ ಹಾಕಿಸಿ’ ಎಂಬ ಬೇಡಿಕೆ ವಾರ್ಡ್ ಸಭೆಗೆ ಬಂದಿದೆ ಎಂದುಕೊಳ್ಳಿ.

1. ಆಡಿದ ಮಾತಿಗೇ ಉತ್ತರ ಕೇಳಿ.
‘ಹಾಗಾದ್ರೆ ಊರಲ್ಲಿ ಯಾರೂ ಗಾಡಿ ಓಡಿಸಬಾರದು ಅಂತೀರಾ?’ ಹಾಗೆಂದು ಯಾರೂ ಹೇಳಿರಲಿಲ್ಲ. ಮಾತನ್ನು ತಿರುಚಿ, ತಿರುಚಿದ್ದನ್ನು ಸೋಲಿಸುವುದು ಸುಲಭ. ‘ನಾನು ಕೇಳಿದ್ದು ಒಂದು ಹಂಪ್ ಮಾತ್ರ’ ಎಂದು ಶಾಂತವಾಗಿ ಮತ್ತೊಮ್ಮೆ ಹೇಳಿ.

2. ವ್ಯಕ್ತಿಯನ್ನು ಬಿಡಿ, ವಿಷಯ ಹಿಡಿಯಿರಿ.
‘ನಿಮಗೆ ಗಾಡಿಯೇ ಇಲ್ಲ, ನಿಮಗೇನ್ರೀ ಗೊತ್ತು?’ ಗಾಡಿ ಇಲ್ಲದವರು ಹೇಳಿದ ಮಾತ್ರಕ್ಕೆ ಮಕ್ಕಳಿಗಿರುವ ಅಪಾಯ ಕಡಿಮೆಯಾಗದು. ಆದರೆ ಹಂಪ್ ಹಾಕುವ ಗುತ್ತಿಗೆದಾರರೇ ಬೇಡಿಕೆ ಇಟ್ಟಿದ್ದರೆ ಅವರ ಲಾಭವನ್ನು ಪ್ರಶ್ನಿಸುವುದು ನ್ಯಾಯ.

3. ‘ಅದೋ, ಇದೋ’ ಎಂದಾಗ ಮೂರನೆಯದನ್ನು ಹುಡುಕಿ.
‘ಹಂಪ್ ಹಾಕಿದರೆ ಆಂಬುಲೆನ್ಸ್ ತಡವಾಗುತ್ತೆ. ಮಕ್ಕಳು ಮುಖ್ಯವೋ, ರೋಗಿ ಮುಖ್ಯವೋ?’ ಆಯ್ಕೆ ಎರಡೇ ಅಲ್ಲ. ಜೀಬ್ರಾ ಪಟ್ಟಿ ಬಳಿಸಬಹುದು, ಬ್ಯಾರಿಕೇಡ್ ಇಡಬಹುದು, ಶಾಲೆ ಬಿಡುವ ಹೊತ್ತಿಗೆ ಒಬ್ಬ ಪೇದೆಯನ್ನು ನಿಲ್ಲಿಸಬಹುದು.

4. ಮೊದಲು ನಡೆದದ್ದನ್ನೆಲ್ಲ ಕಾರಣ ಎನ್ನಬೇಡಿ.
‘ಪಕ್ಕದ ಬೀದಿಗೆ ಹಂಪ್ ಹಾಕಿದ ತಿಂಗಳೇ ಅಪಘಾತ ಆಯ್ತು.’ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದಿರಬಹುದು. ಹಂಪ್ ಬರುವ ಮೊದಲು ಅಲ್ಲಿ ಎಷ್ಟು ಅಪಘಾತಗಳಾಗಿದ್ದವು? ಆಮೇಲೆ ಎಷ್ಟು? ಹಂಪ್‌ಗೆ ಬಿಳಿ ಪಟ್ಟಿ ಬಳಿದಿದ್ದರೇ, ಬೀದಿದೀಪ ಉರಿಯುತ್ತಿತ್ತೇ? ಇಷ್ಟನ್ನು ಕೇಳಿದ ಮೇಲಷ್ಟೇ ತೀರ್ಮಾನಕ್ಕೆ ಬನ್ನಿ.

5. ದೊಡ್ಡ ಹೆಸರಿಗೆ ಗೌರವ ಕೊಡಿ, ಪುರಾವೆಯನ್ನೂ ಕೇಳಿ.
ಲೈನಸ್ ಪಾಲಿಂಗ್ 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರ ಸಾಲಿಗೆ ಶಾಂತಿಗೆ ನೊಬೆಲ್ ಪಡೆದವರು. ವಿಟಮಿನ್ ಸಿ ಹೆಚ್ಚು ತೆಗೆದುಕೊಂಡರೆ ನೆಗಡಿ ತಡೆಯಬಹುದೆಂದು 1970ರಲ್ಲಿ ಪುಸ್ತಕವನ್ನೇ ಬರೆದರು. ಮುಂದೆ ನಡೆದ ಪ್ರಯೋಗಗಳಲ್ಲಿ ಸಾಮಾನ್ಯ ಜನರಿಗೆ ಅಂಥ ರಕ್ಷಣೆ ಕಾಣಲಿಲ್ಲ. ಎರಡು ನೊಬೆಲ್ ಕೂಡ ಪುರಾವೆಯ ಜಾಗ ತುಂಬಲಾರವು.

6. ಹೇಳಿದವರೇ ಸಾಬೀತು ಮಾಡಲಿ.
‘ಸುಳ್ಳು ಅಂತ ನೀವೇ ತೋರಿಸಿ’ ಎಂಬ ಸವಾಲಿಗೆ ಸಿಲುಕಬೇಡಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪವಾಡ ನಿಜವೆನ್ನುವವರು ಪರೀಕ್ಷೆಗೆ ಒಡ್ಡಿಕೊಳ್ಳಬೇಕು ಎಂಬುದೇ ಅದರ ಹಿಂದಿನ ನಿಲುವು. ಪುರಾವೆ ಕೇಳುವ ಆ ಧೈರ್ಯ ನಮ್ಮ ಸಭೆಗಳಿಗೂ ಬೇಕು.

7. ವಿಷಯಾಂತರಕ್ಕೆ ಜಾಗ ಕೊಡಬೇಡಿ.
‘ಮೊದಲು ಚರಂಡಿ ಸರಿ ಮಾಡಿಸಿ, ಆಮೇಲೆ ಹಂಪ್ ನೋಡೋಣ.’ ಚರಂಡಿಯೂ ಆಗಬೇಕಾದದ್ದೇ. ಅದನ್ನು ಸಭೆಯ ನಡಾವಳಿಯಲ್ಲಿ ಮುಂದಿನ ವಿಷಯವಾಗಿ ಬರೆಸಿ, ಹಂಪ್ ಮಾತಿಗೆ ಮರಳಿ.

8. ದೋಷ ಸಿಕ್ಕಿತೆಂದು ಗೆದ್ದೆವೆನ್ನಬೇಡಿ.
‘ಪಕ್ಕದ ವಾರ್ಡಿನಲ್ಲಿದೆ, ನಮಗೂ ಬೇಕು’ ಎಂಬ ಕಾರಣ ದುರ್ಬಲ. ಹಾಗೆಂದು ಹಂಪ್ ಬೇಡವೆಂದು ಸಾಬೀತಾಗಲಿಲ್ಲ, ಬೇರೆ ಗಟ್ಟಿ ಕಾರಣಗಳಿರಬಹುದು. ಎದುರಿನವರ ವಾದ ತೊದಲುತ್ತಿದ್ದರೆ ಅದನ್ನು ನೇರಗೊಳಿಸಿ, ‘ನೀವು ಹೇಳುತ್ತಿರುವುದು ಇದೇ ತಾನೇ?’ ಎಂದು ಕೇಳಿ, ನಂತರ ಉತ್ತರಿಸಿ.

ಈ ಎಂಟನ್ನೂ ಮೊದಲು ಪ್ರಯೋಗಿಸಬೇಕಾದದ್ದು ನಮ್ಮದೇ ಮಾತಿನ ಮೇಲೆ. ಇದೇ ಕಾರಣವನ್ನು ಎದುರಾಳಿ ಕೊಟ್ಟಿದ್ದರೆ ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ಆ ಕಾರಣ ಕೈಬಿಟ್ಟು ಬೇರೆಯದನ್ನು ಹುಡುಕಿ. ಸಭೆ ಮುಗಿದ ಮೇಲೆ ಆ ರಸ್ತೆಯನ್ನು ಮಕ್ಕಳು ದಾಟಬೇಕಿದೆ. ಅವರಿಗೆ ಬೇಕಾದದ್ದು ಸರಿಯಾದ ತೀರ್ಮಾನ, ನಮ್ಮಲ್ಲಿ ಯಾರು ಗೆದ್ದರು ಎಂಬುದಲ್ಲ.