ವಿಂಡೋಸ್ ಪಕ್ಕದಲ್ಲೇ ಲಿನಕ್ಸ್

ಪ್ರಶ್ನೆ: ಶಿಕಾರಿಪುರದಲ್ಲಿ ಟೈಪಿಂಗ್ ಕೆಲಸ, ಮನೆ ಸೊರಬದ ಹಳ್ಳಿಯಲ್ಲಿ. ಮನೆಯ ಹಳೆ ಕಂಪ್ಯೂಟರಿನಲ್ಲಿ ವಿಂಡೋಸ್ 10, ನುಡಿ ಕಡತಗಳಿವೆ. ಜೊತೆಗೆ ಲಿನಕ್ಸ್ ಹಾಕಬಹುದೇ? ಕರೆಂಟು ಆಗಾಗ ಹೋಗುತ್ತದೆ.
– ಓದುಗರು, ಸೊರಬ

ಉತ್ತರ: ಹಾಕಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಹಾಗಾಗಿ ಇಂಟರ್ನೆಟ್, ಬ್ಯಾಂಕ್ ವ್ಯವಹಾರ ಲಿನಕ್ಸಿನಲ್ಲಿರಲಿ. ನುಡಿ ಕೆಲಸ ವಿಂಡೋಸಿನಲ್ಲೇ ಮುಂದುವರಿಯಲಿ.

ಮೊದಲು ಎಲ್ಲ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿ, ಕೆಲವನ್ನು ತೆರೆದು ನೋಡಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟಿನ ‘ಶ್ರಿಂಕ್ ವಾಲ್ಯೂಮ್’ನಿಂದ 50 ಜಿಬಿ ಜಾಗ ಬಿಡಿಸಿ.

8 ಜಿಬಿ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಸಿದ್ಧಮಾಡಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿ. ರ್‍ಯಾಮ್ 4 ಜಿಬಿಯಷ್ಟೇ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ವೈಫೈ, ಪ್ರಿಂಟರ್ ಪರೀಕ್ಷಿಸಿದ ಮೇಲಷ್ಟೇ ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಆರಿಸಿ. ‘ಇರೇಸ್ ಡಿಸ್ಕ್’ ಒತ್ತಿದರೆ ಎಲ್ಲವೂ ಅಳಿಯುತ್ತದೆ. ನಡುವೆ ಕರೆಂಟು ಹೋದರೆ ಡಿಸ್ಕ್ ಕೆಡಬಹುದು. ಯುಪಿಎಸ್ ಇಲ್ಲದೆ ಶುರುಮಾಡಬೇಡಿ.

ಲಿನಕ್ಸಿನಲ್ಲೂ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಹಳೆಯ ನುಡಿ ಕಡತಗಳನ್ನು ಮಾತ್ರ ಯೂನಿಕೋಡಿಗೆ ಪರಿವರ್ತಿಸಿ ಒಯ್ಯಿರಿ.

ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ, ರಿಕವರಿ ಕೀ ಸಿಗದಿದ್ದರೆ, ಅಥವಾ ಬೂಟ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಕೈಹಾಕದೆ ಶಿಕಾರಿಪುರದ ಇಲ್ಲವೇ ಶಿವಮೊಗ್ಗದ ತಂತ್ರಜ್ಞರಿಗೆ ತೋರಿಸಿ. ‘ಫಾರ್ಮ್ಯಾಟ್ ಮಾಡಬೇಡಿ’ ಎಂದು ಮೊದಲೇ ಹೇಳಿ.